ಕಲ್ಲಾದ ಕಿವಿಯಿಂದ ತಿಳಿಯುವುದೇನು

ಕೇಳುಗರಿಗೆ ನಮಸ್ಕಾರ. ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿಗೆ ಎಂಥ ಶಬ್ದಗಳು ಕೇಳಿಸುತ್ತಿದ್ದವು ಎಂಬುದನ್ನು ಇಂದು ಒಂದು ಮಿತಿಯೊಳಗೆ ಊಹಿಸಬಹುದು. ಕಿವಿತಮಟೆ, ನರ, ಒಳಗಿವಿಯ ಸೂಕ್ಷ್ಮ ಕೋಶಗಳೆಲ್ಲ ಮಣ್ಣಾಗುತ್ತವೆ, ನಿಜ. ಆದರೆ ಸಸ್ತನಿಗಳಲ್ಲಿ ಒಳಗಿವಿಯನ್ನು ಸುತ್ತುವರಿದ ಮೂಳೆಯು ದೇಹದ ಅತ್ಯಂತ ಗಟ್ಟಿ ಮೂಳೆಗಳಲ್ಲಿ ಒಂದಾದ್ದರಿಂದ, ಅನೇಕ ವೇಳೆ ಅದು ಪಳೆಯುಳಿಕೆಯಾಗಿ ಉಳಿಯುತ್ತದೆ. ಈ ಬಗೆಯ ಶೋಧಕ್ಕೆ ತಿಮಿಂಗಿಲಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು. ತಿಮಿಂಗಿಲ ವಂಶದ ಅತ್ಯಂತ ಹಳೆಯ ಸಾಕ್ಷ್ಯಗಳು ದೊರೆತದ್ದೂ ಭಾರತ ಉಪಖಂಡದಲ್ಲೇ.

ನೀರಿನಲ್ಲಿ ಶಬ್ದವು ಗಾಳಿಗಿಂತ ಸುಮಾರು 4 ಪಟ್ಟು ವೇಗವಾಗಿ ಸಾಗುತ್ತದೆ. ಅದು ತಲೆಬುರುಡೆಯನ್ನೇ ಕಂಪಿಸಿ ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಒಮ್ಮೆಗೇ ತಲುಪುವುದರಿಂದ, ಕೆರೆಯಲ್ಲಿ ಮುಳುಗಿ ಈಜುವವರಿಗೆ ಸದ್ದು ಕೇಳಿದರೂ ಅದರ ದಿಕ್ಕು ತಿಳಿಯುವುದಿಲ್ಲ. ಇಂದಿನ ಹಲ್ಲುಳ್ಳ ತಿಮಿಂಗಿಲಗಳಿಗೆ ಈ ತೊಡಕಿಲ್ಲ. ಅವುಗಳ ಕೆಳದವಡೆಯಲ್ಲಿರುವ ಕೊಬ್ಬು ಶಬ್ದವನ್ನು ಕಿವಿಗೆ ಒಯ್ಯುತ್ತದೆ. ಕಿವಿಯ ಮೂಳೆಗಳಿಗೂ ಬುರುಡೆಗೂ ನಡುವೆ ಗಾಳಿ ತುಂಬಿದ ಪೊಳ್ಳುಗಳಿದ್ದು, ಬುರುಡೆಯ ಕಂಪನ ಕಿವಿಗೆ ಮುಟ್ಟದಂತೆ ತಡೆಯುತ್ತವೆ.

ಜಮ್ಮು ಮತ್ತು ಕಾಶ್ಮೀರದ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಅವರು ಸಂಗ್ರಹಿಸಿದ ಕಲ್ಲುಗಳಲ್ಲಿ ಬೆಕ್ಕಿನ ಗಾತ್ರದ, ಗೊರಸುಳ್ಳ 'ಇಂಡೋಹಯಸ್' ಎಂಬ ಪ್ರಾಣಿಯ ಮೂಳೆಗಳಿದ್ದವು. ರಂಗರಾವ್ ಅವರು ತೀರಿಕೊಂಡ ಬಳಿಕ ಆ ಕಲ್ಲುಗಳು ಅಮೆರಿಕದ ಸಂಶೋಧಕ ಹಾನ್ಸ್ ಥೆವಿಸನ್ ಅವರ ಕೈಸೇರಿದವು. ಪ್ರಯೋಗಾಲಯದಲ್ಲಿ ಒಂದು ಬುರುಡೆಯನ್ನು ಕಲ್ಲಿನಿಂದ ಬಿಡಿಸುತ್ತಿದ್ದಾಗ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು. ಮುರಿದ ಕಡೆ ನೋಡಿದರೆ, ಮಧ್ಯಗಿವಿಯನ್ನು ಆವರಿಸಿದ ಮೂಳೆಯ ಒಳ ಅಂಚು ಅಸಾಧಾರಣ ದಪ್ಪವಾಗಿತ್ತು! ಅಂಥ ಅಂಚನ್ನು ಅದುವರೆಗೆ ತಿಮಿಂಗಿಲಗಳ ಗುರುತೆಂದೇ ಎಣಿಸಲಾಗಿತ್ತು. 2007ರಲ್ಲಿ ಪ್ರಕಟವಾದ ಈ ಶೋಧವು ಇಂಡೋಹಯಸ್ ತಿಮಿಂಗಿಲದ ಹತ್ತಿರದ ಬಂಧುವೆಂದು ತೋರಿಸಿತು. ಆದರೆ ಆ ದಪ್ಪ ಅಂಚೊಂದನ್ನೇ ನೋಡಿ ಅದಕ್ಕೆ ನೀರಿನಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು ಎಂದು ತೀರ್ಮಾನಿಸುವುದು ಅವಸರವಾದೀತು.

ಕೇಳುವ ಬಗೆ ಬದಲಾದುದಕ್ಕೆ ಹೆಚ್ಚು ನಂಬಬಹುದಾದ ಸಾಕ್ಷ್ಯವಿರುವುದು ಕೆಳದವಡೆಯಲ್ಲಿ. ನೆಲದ ಸಸ್ತನಿಗಳ ದವಡೆಯ ಒಳಮಗ್ಗುಲಲ್ಲಿ ನರ ಮತ್ತು ರಕ್ತನಾಳ ಹಾಯಲು ಒಂದು ಕಿರಿದಾದ ರಂಧ್ರವಿರುತ್ತದೆ. ಪಾಕಿಸ್ತಾನದಲ್ಲಿ ಸಿಕ್ಕ, ಸುಮಾರು 5 ಕೋಟಿ ವರ್ಷ ಹಿಂದಿನ ಪಾಕಿಸೀಟಸ್ ಎಂಬ ಆದಿ ತಿಮಿಂಗಿಲದಲ್ಲೂ ಅದು ಕಿರಿದೇ, ಇನ್ನೊಂದು ಆದಿ ತಿಮಿಂಗಿಲವಾದ ಆಂಬ್ಯುಲೋಸೀಟಸ್‌ನಲ್ಲಿ ಹಿಗ್ಗಿದೆ, ಗುಜರಾತಿನ ಕಛ್‌ನಲ್ಲಿ ಸಿಕ್ಕ ರೆಮಿಂಗ್ಟನೋಸೀಟಸ್‌ನಲ್ಲಿ ದವಡೆಯ ಎತ್ತರದ ಬಹುಪಾಲನ್ನು ಆ ರಂಧ್ರವೇ ಆವರಿಸಿದೆ. ಅಷ್ಟು ಅಗಲದ ದಾರಿ ನರವೊಂದಕ್ಕೆ ಬೇಕಿಲ್ಲ. ಅಲ್ಲಿ ಶಬ್ದ ಒಯ್ಯುವ ಕೊಬ್ಬು ತುಂಬಿತ್ತೆಂದು ಹೇಳಲು ಧೈರ್ಯ ಬರುವುದು, ಇಂದಿನ ಹಲ್ಲುಳ್ಳ ತಿಮಿಂಗಿಲಗಳಲ್ಲಿ ಅದೇ ಜಾಗದಲ್ಲಿ ಅದೇ ಕೊಬ್ಬು ಇರುವುದರಿಂದ. ಭಾರತದ ಪಳೆಯುಳಿಕೆ ತಜ್ಞ ಸುನಿಲ್ ಬಾಜಪೇಯಿ ಅವರೂ ಸೇರಿದ್ದ ತಂಡವೊಂದು 2004ರಲ್ಲಿ ಈ ಹಂತಗಳನ್ನು ವಿವರಿಸಿತು. ನಡುವಿನ ಹಂತದ ಈ ಪ್ರಾಣಿಗಳಲ್ಲಿ ಹಳೆಯ, ಗಾಳಿಗೆ ಹೊಂದಿದ ಕಿವಿಯೂ ಹೊಸ ದವಡೆಯ ದಾರಿಯೂ ಜೊತೆಗೇ ಇದ್ದವು.

ಇನ್ನು ಎಂಥ ಸ್ವರಗಳು ಕೇಳುತ್ತಿದ್ದವು ಎಂಬುದಕ್ಕೆ, ಸುರುಳಿಯಾಕಾರದ ಒಳಗಿವಿಯ ಪೊಳ್ಳನ್ನು ಸಿಟಿ ಸ್ಕ್ಯಾನ್ ಮೂಲಕ ಕಲ್ಲು ಒಡೆಯದೆಯೇ ಅಳೆಯುತ್ತಾರೆ. ಸುರುಳಿಯ ಉದ್ದ, ಸುತ್ತುಗಳು, ಒಳಪೊರೆಗೆ ಆಸರೆಯಾದ ಮೂಳೆಯ ಏಣು, ಇವನ್ನು ಕೇಳುವ ಶಕ್ತಿ ಗೊತ್ತಿರುವ ಇಂದಿನ ಪ್ರಾಣಿಗಳ ಅಳತೆಗಳೊಡನೆ ಹೋಲಿಸುತ್ತಾರೆ. ಆಫ್ರಿಕದ ಟೋಗೋದಲ್ಲಿ ಸಿಕ್ಕ ಪ್ರಾಚೀನ ತಿಮಿಂಗಿಲಗಳ ಒಳಗಿವಿಯನ್ನು ಹೀಗೆ ಪರೀಕ್ಷಿಸಿದ 2017ರ ಅಧ್ಯಯನಕ್ಕೆ, ಅತಿ ಎತ್ತರದ ಸ್ಥಾಯಿಯ ಶಬ್ದಕ್ಕಾಗಲಿ ಅತಿ ತಗ್ಗಿನ ಸ್ಥಾಯಿಯ ಶಬ್ದಕ್ಕಾಗಲಿ ವಿಶೇಷ ಹೊಂದಾಣಿಕೆ ಕಾಣಲಿಲ್ಲ. ಸುಮಾರು 2.7 ಕೋಟಿ ವರ್ಷ ಹಿಂದಿನ, ಅಮೆರಿಕದ ಸೌತ್ ಕೆರೊಲಿನಾದ ಎಕೋವೆನೇಟರ್ ಎಂಬ ಹಲ್ಲುಳ್ಳ ತಿಮಿಂಗಿಲದಲ್ಲಾದರೋ ಅತಿ ಎತ್ತರದ ಸ್ಥಾಯಿಯ ಶಬ್ದ ಕೇಳುವ ಲಕ್ಷಣಗಳು ಸ್ಪಷ್ಟವಾಗಿವೆ. ಎಂದರೆ, ಪ್ರತಿಧ್ವನಿಯಿಂದ ಬೇಟೆ ಹುಡುಕುವ ಶಕ್ತಿಗಿಂತ ಬಹಳ ಮೊದಲೇ ದವಡೆಯ ದಾರಿ ಸಿದ್ಧವಾಗಿತ್ತು. ಅದು ಬೇಟೆಯ ಸೋನಾರ್‌ಗಾಗಿ ಹುಟ್ಟಿದ್ದಲ್ಲ, ನೀರಿನಲ್ಲಿ ಕೇಳಲೆಂದೇ ಹುಟ್ಟಿದ್ದು.