ಮಸೀದಿಯ ಆ ಒಂದು ಗೋಡೆ

ಕೇಳುಗರೇ, ನಮಸ್ಕಾರ. ಮಸೀದಿ ಅಂದ ಕೂಡಲೇ ಕಣ್ಣ ಮುಂದೆ ಬರೋದು ಗುಮ್ಮಟ, ಮಿನಾರು, ಅಲ್ವಾ? ದಯವಿಟ್ಟು ಅವೆರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪ್ರವಾದಿ ಮುಹಮ್ಮದರು 622ರಲ್ಲಿ ಮದೀನಾಕ್ಕೆ ಬಂದ ಮೇಲೆ ಅಲ್ಲಿ ಕಟ್ಟಿಸಿದ ಮಸೀದಿಗೆ ಅವು ಇರಲೇ ಇಲ್ಲ. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಮೇಲೆ ಅದರದೇ ಗರಿ. ಮಳೆ ಬಂದರೆ ಸೋರುತ್ತಿತ್ತು. ಒಮ್ಮೆ ಪ್ರವಾದಿಯವರು ಆ ಕೆಸರಲ್ಲೇ ಹಣೆ ಊರಿ ನಮಾಜು ಮಾಡಿದರಂತೆ. ಆದರೂ ಅದು ಪೂರ್ತಿ ಮಸೀದಿ. ಯಾಕೆ? ಅದಕ್ಕೊಂದು ದಿಕ್ಕಿತ್ತು. ಇವತ್ತು ನಾನು ಹೇಳೋದು ಇದೊಂದೇ: ಮಸೀದಿಯ ಜೀವ ದಿಕ್ಕಿನಲ್ಲಿದೆ.

ನನಗೆ ತುಂಬಾ ಇಷ್ಟವಾದ ಪ್ರಸಂಗವೊಂದಿದೆ. ಮೊದಲು ಮುಸ್ಲಿಮರು ಜೆರುಸಲೇಮಿನ ಕಡೆ ಮುಖ ಮಾಡಿ ನಮಾಜು ಮಾಡುತ್ತಿದ್ದರು. ಮದೀನಾದಿಂದ ಅದು ಉತ್ತರಕ್ಕೆ. 624ರಲ್ಲಿ, ಇನ್ನು ಕಾಬಾದ ಕಡೆ ತಿರುಗಿ ಎಂಬ ಆದೇಶ ಬಂತು. ಅದಿರೋದು ಮಕ್ಕಾದಲ್ಲಿ, ದಕ್ಷಿಣಕ್ಕೆ. ಹತ್ತಿರದ ಕುಬಾದಲ್ಲಿ ಜನ ಆಗಲೇ ಬೆಳಗಿನ ನಮಾಜಿಗೆ ನಿಂತಿದ್ದರು. ಒಬ್ಬಾತ ಬಂದು ಸುದ್ದಿ ಹೇಳಿದ. ಅವರು ನಮಾಜು ಬಿಡಲಿಲ್ಲ, ನಾಳೆ ನೋಡೋಣ ಅನ್ನಲಿಲ್ಲ. ನಮಾಜಿನ ನಡುವೆಯೇ ತಿರುಗಿದರು! ಉತ್ತರಕ್ಕಿದ್ದ ಮುಖಗಳೆಲ್ಲ ದಕ್ಷಿಣಕ್ಕೆ. ಪ್ರವಾದಿಯವರ ಮಸೀದಿಯಲ್ಲೂ ದಕ್ಷಿಣದ ಗೋಡೆಯೇ ಮುಂದಿನದಾಯಿತು. ಉತ್ತರದ ಹಳೇ ಚಪ್ಪರದಡಿ ಮನೆಮಾರಿಲ್ಲದ ಬಡವರು ಉಳಿದುಕೊಂಡರು.

ಇವತ್ತಿನ ಮಸೀದಿಗಳಲ್ಲಿ ಆ ಮುಂದಿನ ಗೋಡೆಯಲ್ಲಿ ಕಾಣುವ ಕಮಾನಿನ ಗೂಡೇ ಮಿಹ್ರಾಬ್. ಅದರೊಳಗೆ ಏನಿದೆ ಅಂತ ಬಹಳ ಜನ ಕೇಳ್ತಾರೆ. ಪೂಜಿಸುವಂಥದ್ದು ಏನೂ ಇಲ್ಲ. ಇರಲೂಬಾರದು! ವಿಜಯಪುರದ ಜಾಮಿಯಾ ಮಸೀದಿಗೆ ಹೋಗಿ ನೋಡಿ. ಮುಹಮ್ಮದ್ ಆದಿಲ್ ಶಾ ಕಾಲದಲ್ಲಿ, 1636ರಲ್ಲಿ, ಅಲ್ಲಿನ ಮಿಹ್ರಾಬಿಗೆ ಬಂಗಾರದ ಬಣ್ಣ ಬಳಿದರು. ಹೂದಾನಿ, ಪುಸ್ತಕಗಳ ಚಿತ್ರ ಬರೆದರು. ಇಷ್ಟೆಲ್ಲ ಸಿಂಗಾರ ಗೋಡೆಗೆ, ಗೂಡು ಮಾತ್ರ ಖಾಲಿ. ಅಲ್ಲಾಹನಿಗೆ ರೂಪವಿಲ್ಲ. ಆ ಗೂಡಿಗೆ ಯಾರೂ ಕೈಮುಗಿಯುವುದಿಲ್ಲ. ಅದು ದಿಕ್ಕು ತೋರಿಸುತ್ತದೆ, ಅಷ್ಟೇ.

ಸಮಯ ಆಗ್ತಾ ಬಂತು. ಗುಮ್ಮಟ ಅಂದರೆ ಆಕಾಶ ಅಂತ ಹೇಳುವವರಿದ್ದಾರೆ, ಇರಲಿ. ಮಿನಾರು ಬಂದದ್ದು ಆಮೇಲೆ. ಪ್ರವಾದಿಯವರ ಸಂಗಾತಿ ಬಿಲಾಲರು ಅಜಾನ್, ಅಂದರೆ ನಮಾಜಿನ ಕರೆ, ಕೂಗುತ್ತಿದ್ದದ್ದು ಪಕ್ಕದ ಮನೆಯ ಮಾಳಿಗೆಯಿಂದ. ಅಂಗಳ? ಕಲಬುರಗಿ ಕೋಟೆಯಲ್ಲಿರುವ 1367ರ ಜಾಮಿಯಾ ಮಸೀದಿಗೆ ಅಂಗಳವೇ ಇಲ್ಲ.

ಇನ್ನೂ ಅನುಮಾನವಿದ್ದರೆ ನಿಮ್ಮೂರಿನ ಈದ್ಗಾ ನೋಡಿ. ಚಾವಣಿಯಿಲ್ಲ, ಕಂಬವಿಲ್ಲ. ಬಯಲಲ್ಲಿ ಪಶ್ಚಿಮಕ್ಕೆ ಒಂದೇ ಒಂದು ಗೋಡೆ; ನಮ್ಮ ನಾಡಿನಿಂದ ಮಕ್ಕಾ ಇರೋದು ಆ ಕಡೆಗೆ. ರಂಜಾನ್, ಬಕ್ರೀದಿನ ದಿನ ಊರಿನ ಮುಸ್ಲಿಮರೆಲ್ಲ ಅದರ ಮುಂದೆ ಭುಜಕ್ಕೆ ಭುಜ ಸೇರಿಸಿ ಸಾಲಾಗಿ ನಿಲ್ಲುತ್ತಾರೆ. ನಮಸ್ಕಾರ.