ಹಿತ್ತಲ ಗಿಡನೇ ಮದ್ದು ಕಣ್ರಿ

(ಟೇಬಲ್ ಮೇಲೆ ಬೆರಳಲ್ಲಿ ಕುಟ್ಟೋ ಸದ್ದು)

ಹಾಂ, ಗೊತ್ತಾಯ್ತಾ ಯಾವ್ ಹಾಡು ಅಂತ? ಇಲ್ವಾ? ಅಯ್ಯೋ, ಇಷ್ಟ್ ಈಸಿ ಇದೆ, ಇನ್ನೊಂದ್ಸಲ ಕೇಳಿ. (ಮತ್ತೆ ಕುಟ್ಟೋ ಸದ್ದು) ಈಗ್ಲೂ ಇಲ್ಲ? ಸರಿ ಬಿಡಿ, ಕೊನೇಲಿ ಹೇಳ್ತೀನಿ.

ಇದು ನನ್ ಐಡಿಯಾ ಅಲ್ಲ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋರು ಪಿಎಚ್‌ಡಿಗೆ ಅಂತ ಮಾಡಿದ್ ಎಕ್ಸ್‌ಪೆರಿಮೆಂಟು. ಒಬ್ರು ಎಲ್ರಿಗೂ ಗೊತ್ತಿರೋ ಹಾಡನ್ನ ಟೇಬಲ್ ಮೇಲೆ ಕುಟ್ಬೇಕು, ಕೇಳಿಸ್ಕೊಳ್ಳೋರು ಅದ್ಯಾವ್ದು ಅಂತ ಹೇಳ್ಬೇಕು, ಅಷ್ಟೇ. ಅರ್ಧಕ್ಕರ್ಧ ಆದ್ರೂ ಕಂಡುಹಿಡೀತಾರೆ ಅಂತ ಕುಟ್ಟೋರ ಲೆಕ್ಕ. ಕುಟ್ಟಿದ್ದು 120 ಹಾಡು, ಸರಿಯಾಗಿ ಹೇಳಿದ್ದು 3. ಬರೀ ಮೂರು! ಕುಟ್ಟೋನ ತಲೇಲಿ ಇಡೀ ಹಾಡು ಓಡ್ತಿರುತ್ತೆ, ಕೇಳೋನಿಗೆ ಬರೀ ಟಕ್ ಟಕ್.

ಪಾಠ ಮಾಡೋರಿಗೆ ಬುದ್ಧಿ ಹೇಳೋಕೆ ಈ ಕಥೆ ಜಾಸ್ತಿ ಹೇಳ್ತಾರೆ. ನಂಗೆ ಮಾತ್ರ ಇದನ್ನ ಓದ್ದಾಗ ಟ್ಯಾಲೆಂಟ್ ವಿಷ್ಯನೇ ತಲೇಗ್ ಬಂತು. ನಮಗೆ ಹುಟ್ಟಿನಿಂದ ಸಲೀಸಾಗಿ ಬರೋದು ಏನಿದೆಯೋ ಅದು ನಮ್ಮ ತಲೇಲಿ ಓಡ್ತಿರೋ ಹಾಡಿನ್ ಥರ, ಎಲ್ರಿಗೂ ಕೇಳಿಸ್ತಿದೆ ಅಂದ್ಕೊಂಡಿರ್ತೀವಿ, ಅದಕ್ಕೇ ಅದು ಟ್ಯಾಲೆಂಟು ಅಂತ ಅನ್ಸೋದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದೇ ಕಥೆ.

ನನ್ ವಿಷ್ಯನೇ ತಗೊಳ್ಳಿ. ಆರು ವರ್ಷ ಗಿಟಾರ್ ಹಿಡ್ಕೊಂಡು ಒದ್ದಾಡ್ದೆ, ಬೆರಳ ತುದಿ ಎಲ್ಲಾ ಗಟ್ಟಿ ಆಯ್ತು, ಮನೆಯೋರ ತಾಳ್ಮೆನೂ ಮುಗೀತು, ಯಾಕಂದ್ರೆ ನನ್ ತಲೇಲಿ ಟ್ಯಾಲೆಂಟ್ ಅಂದ್ರೆ ಸ್ಟೇಜು, ಲೈಟು, ಚಪ್ಪಾಳೆ. ಅದೇ ಆರು ವರ್ಷದಲ್ಲಿ ಯಾರಿಗಾದ್ರೂ ಬರಿಯೋಕೆ ಕಷ್ಟ ಆಗೋ ಲೆಟರ್ ಇದ್ರೆ, ರಾಜೀನಾಮೆನೋ, ಸಾರಿ ಕೇಳೋ ಮೆಸೇಜೋ, ಸಾಲ ತೀರ್ಸೋಕೆ ಇನ್ನೊಂದ್ ತಿಂಗಳು ಟೈಮ್ ಕೊಡಿ ಅಂತನೋ, ಸೀದಾ ನನ್ ಹತ್ರ ಬರೋರು. ಐದ್ ನಿಮಿಷ, ಬರ್ದು ಕೊಟ್ಟು ಮತ್ತೆ ಗಿಟಾರ್. ಒಂದಿನ ಫ್ರೆಂಡ್ ಒಬ್ಬ ಹೇಳ್ದ, ಲೋ ಇದನ್ನ ಬರಿಯೋಕೆ ನಾನು ಎರಡು ರಾತ್ರಿ ಒದ್ದಾಡಿದೀನಿ ಅಂತ. ನಾನ್ ಅವ್ನು ನಾಟಕ ಮಾಡ್ತಿದಾನೆ ಅಂದ್ಕೊಂಡೆ! ಒಂದು ಲೆಟರ್‌ಗೆ ಎರಡು ರಾತ್ರಿನಾ? ಆಮೇಲೆ ಹೊಳೀತು, ಅವನು ಎರಡು ರಾತ್ರಿ ಒದ್ದಾಡಿದ್ದು ನಾನು ಗಿಟಾರ್ ಜೊತೆ ಒದ್ದಾಡ್ದಂಗೇನೇ.

ಅದಕ್ಕೇ ಪ್ಯಾಷನ್ ಹುಡುಕಿ ಅನ್ನೋರನ್ನ ಕಂಡ್ರೆ ನಂಗಾಗಲ್ಲ. ಪ್ಯಾಷನ್ ನಂಗೆ ಗಿಟಾರ್ ಮೇಲೆ ಬೇಕಾದಷ್ಟಿತ್ತು ಸ್ವಾಮಿ. ಅದರ ಬದ್ಲು, ಬೇರೆಯೋರು ಏನ್ ಮಾಡೋಕಾಗ್ದೆ ಒದ್ದಾಡ್ತಿರೋದನ್ನ ನೋಡಿದ್ರೆ ನಿಮಗೆ ಕಿರಿಕಿರಿ ಆಗತ್ತೆ ನೋಡಿ, ‘ಕೊಡಿಲ್ಲಿ ನಾನ್ ಮಾಡ್ತೀನಿ’ ಅಂತ ಕೈ ತುರ್ಸತ್ತಲ್ಲ, ಅಲ್ಲಿ ಹುಡ್ಕಿ. ಜಗಳ ಆಡ್ತಿರೋ ಇಬ್ರನ್ನ ಕೂರ್ಸಿ ಮಾತಾಡ್ಸೋದು, ಒಂದೇ ಸಲ ಹೋದ ದಾರಿ ಮರೀದೇ ಇರೋದು, ಚಿಕ್ಕ ಮಕ್ಕಳು ಹತ್ರ ಬಂದು ಸುಮ್ನಾಗೋದು. ಇದಕ್ಕೆಲ್ಲ ಟ್ರೋಫಿ, ಮೆಡಲ್ಲು ಇಲ್ಲ ನಿಜ.

ಇಲ್ಲೊಬ್ರು ಕೇಳ್ತಾರೆ, ಪ್ರಾಕ್ಟೀಸ್ ಮಾಡಿದ್ರೆ ಎಲ್ಲಾ ಬರತ್ತಲ್ವಾ, ಹತ್ತು ಸಾವಿರ ಗಂಟೆ ಮಾಡಿದ್ರೆ ಯಾರಾದ್ರೂ ಎಕ್ಸ್‌ಪರ್ಟ್ ಆಗ್ತಾರೆ ಅಂತಾರಲ್ಲ? ಆ ಲೆಕ್ಕ ಬಂದಿದ್ದು 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಯೋರು ಬರ್ಲಿನ್‌ನ ವಯಲಿನ್ ಸ್ಟೂಡೆಂಟ್‌ಗಳ ಮೇಲೆ ಮಾಡಿದ್ ಸ್ಟಡಿಯಿಂದ, ಮತ್ತೆ ಅದು ಬರೀ ಆವರೇಜು, ಅಷ್ಟು ಗಂಟೆ ಕೂತ್ರೆ ಗ್ಯಾರಂಟಿ ಅಂತ ಅವರೇ ಹೇಳಿಲ್ಲ. 2007ರಲ್ಲಿ ಗಿಯೆರ್ಮೋ ಕ್ಯಾಂಪಿಟೆಲ್ಲಿ, ಫರ್ನಾಂಡ್ ಗೋಬೆ ಅನ್ನೋರು ಚೆಸ್ ಆಟಗಾರರನ್ನ ನೋಡಿದ್ರು, ಮಾಸ್ಟರ್ ಲೆವೆಲ್ ಮುಟ್ಟೋಕೆ ಒಬ್ರಿಗೆ ಮೂರು ಸಾವಿರ ಚಿಲ್ಲರೆ ಗಂಟೆ ಸಾಕಾಯ್ತು, ಇನ್ನೊಬ್ರಿಗೆ 23 ಸಾವಿರ ದಾಟ್ತು. ಪ್ರಾಕ್ಟೀಸ್ ಇಬ್ರೂ ಮಾಡಿದಾರೆ, ಯಾರೂ ಬಿಟ್ಟಿ ಗೆದ್ದಿಲ್ಲ. ನನ್ ಪ್ರಕಾರ ಟ್ಯಾಲೆಂಟ್ ಅಂದ್ರೆ ಪ್ರಾಕ್ಟೀಸು ಬೇಗ ಅಂಟ್ಕೊಳ್ಳೋ ಜಾಗ, ಅಷ್ಟೇ.

ಇನ್ನು ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಗಾದೆ ಹೇಳಿ ನಲವತ್ತಾಯ್ತು ಇನ್ನೇನು ಅನ್ನೋರಿಗೆ, ಗ್ರ್ಯಾಂಡ್ಮಾ ಮೋಸೆಸ್ ಅಂತ ಅಮೆರಿಕದಲ್ಲಿ ಒಬ್ಬ ರೈತ ಹೆಂಗಸು ಇದ್ರು, ಹುಟ್ಟಿದ್ದು 1860ರಲ್ಲಿ. ಬಟ್ಟೆ ಮೇಲೆ ದಾರದಲ್ಲಿ ಚಿತ್ರ ಹೊಲೀತಿದ್ರು. ವಯಸ್ಸಾಗಿ ಕೈ ಗಂಟೆಲ್ಲಾ ನೋವು, ಸೂಜಿ ಹಿಡಿಯೋಕಾಗ್ಲಿಲ್ಲ, ಅದಕ್ಕೆ 70 ದಾಟಿದ ಮೇಲೆ ಬ್ರಶ್ ಹಿಡಿದ್ರು, 1940ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರದ್ದೇ ಪೇಂಟಿಂಗ್ ಶೋ ಆಯ್ತು, 80ನೇ ವಯಸ್ಸಲ್ಲಿ. ಎಲ್ರೂ ಅಜ್ಜಿಗೆ ಮುಪ್ಪಿನಲ್ಲಿ ಟ್ಯಾಲೆಂಟ್ ಬಂತು ಅಂತಾರೆ. ಬಂದಿದ್ದು ಎಲ್ಲಿಂದ? ಬಣ್ಣದ ಕಣ್ಣು ದಾರದಲ್ಲೇ ಇತ್ತಲ್ರೀ, ಹೊಲಿಗೆ ಅಂತ ಯಾರೂ ತಿರುಗಿ ನೋಡಿರ್ಲಿಲ್ಲ.

ಹಾಂ, ಇದನ್ನ ಕೇಳಿ ನಾಳೆನೇ ಕೆಲ್ಸ ಬಿಡ್ಬೇಡಿ ಮತ್ತೆ. ನಾನೂ ಬಿಟ್ಟಿಲ್ಲ. ಲೆಟರ್ ಬರ್ದು ಕೊಡ್ತೀನಿ ಈಗ್ಲೂ, ಒಂದೇ ವ್ಯತ್ಯಾಸ, ಯಾರಾದ್ರೂ ಚೆನ್ನಾಗ್ ಬರ್ದಿದ್ಯಾ ಅಂದ್ರೆ ಅಯ್ಯೋ ಅದೇನ್ ಮಹಾ ಅನ್ನಲ್ಲ, ಥ್ಯಾಂಕ್ಸ್ ಅಂತೀನಿ. ಗಿಟಾರ್ ಮಂಚದ ಕೆಳಗಿದೆ.

ಆ ಹಾಡು? ಕೇಕ್ ಕಟ್ ಮಾಡುವಾಗ ಹಾಡ್ತೀವಲ್ಲ, ಅದೇ. ನೋಡಿ, ಈಗ ಕೇಳಿಸತ್ತೆ. (ಕುಟ್ಟೋ ಸದ್ದು)