ಬೆಲೆ ಓದುವ ಮೊದಲು ಅಳತೆ ಓದಿ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಕಾಲದ ಬೆಲೆ ಎಂದರೆ ನಮಗೆಲ್ಲ ಒಂಥರಾ ಹುಚ್ಚು. ಅಕ್ಕಿ ಸೇರಿಗೆ ಇಷ್ಟಾಣೆಯಂತೆ, ಬಂಗಾರ ತೊಲಕ್ಕೆ ಇಷ್ಟಂತೆ ಎಂಬ ಪಟ್ಟಿಗಳು ಫೋನಿಂದ ಫೋನಿಗೆ ಹಾರುತ್ತಲೇ ಇರುತ್ತವೆ. ಕಳಿಸಿದವರನ್ನು ಒಮ್ಮೆ ಕೇಳಿ ನೋಡಿ: ಯಾವ ಊರಿನ ಸೇರು? ಯಾವ ವರ್ಷದ ಆಣೆ? ಉತ್ತರ ಬರುವುದಿಲ್ಲ. ಈ ಹೊತ್ತು ನಾನು ಹೇಳುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ. ಬೆಲೆ ಓದುವ ಮೊದಲು ಅಳತೆ ಓದಿ.

ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ 1945ರಿಂದ 1965ರ ನಡುವಿನ ಒಂದು ಲೆಕ್ಕದ ಪುಸ್ತಕ ಇದೆ ಎಂದಿಟ್ಟುಕೊಂಡೇ ಮಾತಾಡುತ್ತೇನೆ. ತೆಗೆದ ತಕ್ಷಣ ಮೂರು ಕಾಲಂ ಕಾಣುತ್ತವೆ. ರೂಪಾಯಿ, ಆಣೆ, ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಅಂದರೆ ರೂಪಾಯಿಗೆ 192 ಪೈ. ಪುಸ್ತಕದಲ್ಲಿ 4-8-0 ಎಂದಿದ್ದರೆ ಇಂದಿನ ಹುಡುಗರು ನಾಲ್ಕು ರೂಪಾಯಿ ಎಂಬತ್ತು ಪೈಸೆ ಎಂದು ಓದಿಬಿಡುತ್ತಾರೆ. ಅಲ್ಲ ಸ್ವಾಮಿ. ಅದು ನಾಲ್ಕೂವರೆ ರೂಪಾಯಿ. 1-4-0 ಎಂದರೆ ಒಂದೂಕಾಲು. 0-12-6 ಎಂದರೆ ಹನ್ನೆರಡೂವರೆ ಆಣೆ, ಈಗಿನ ಲೆಕ್ಕಕ್ಕೆ 78 ಪೈಸೆ.

ಪುಸ್ತಕ ಯಾವ ಲೆಕ್ಕದ್ದು ಎಂದು ಕಂಡುಹಿಡಿಯಲು ಸುಲಭದ ಉಪಾಯವಿದೆ. ಮಧ್ಯದ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಬನ್ನಿ. ಎಲ್ಲೂ 15 ದಾಟಿಲ್ಲ, ಕೊನೆಯ ಕಾಲಂ 11 ದಾಟಿಲ್ಲ ಎಂದರೆ ಅದು ಆಣೆಯ ಲೆಕ್ಕ. ಮಧ್ಯದಲ್ಲಿ 31, 62, 94 ಎಂಬಂಥ ಅಂಕಿ ಬಂತೋ, ಅದು ನಯಾ ಪೈಸೆ, ಅಂದರೆ ರೂಪಾಯಿಗೆ ನೂರರ ಹೊಸ ಲೆಕ್ಕ. ಮೂರು ಕಾಲಂ ಗೆರೆ ಹಾಕಿದ ಪುಸ್ತಕವನ್ನು ದುಡ್ಡು ಕೊಟ್ಟು ತಂದಿಟ್ಟವರು ಲೆಕ್ಕ ಬದಲಾಯಿತೆಂದು ಎಸೆಯುತ್ತಾರೆಯೇ? ಅದರಲ್ಲೇ ಹೊಸದನ್ನೂ ಬರೆದರು. ಆದ್ದರಿಂದ ಕಾಲಮ್ಮಿನ ತಲೆಬರಹ ನಂಬಬೇಡಿ, ಅಂಕಿ ನಂಬಿ.

ಇನ್ನು ಕೆಲವು ಪುಸ್ತಕಗಳಲ್ಲಿ, ಅದರಲ್ಲೂ ಹಳೆಯ ಶಾನುಭೋಗರ ಕೈಬರಹದಲ್ಲಿ, ರೂಪಾಯಿಯ ಅಂಕಿಯ ಪಕ್ಕದಲ್ಲಿ ಬರೀ ಗೀಟುಗಳಿರುತ್ತವೆ. ಹೆದರಬೇಡಿ. ನಿಂತ ಗೀಟು ಒಂದಕ್ಕೆ ನಾಲ್ಕಾಣೆ, ಮಲಗಿದ ಗೀಟು ಒಂದಕ್ಕೆ ಒಂದಾಣೆ. ಎರಡು ನಿಂತು ಮೂರು ಮಲಗಿದ್ದರೆ ಹನ್ನೊಂದಾಣೆ. ಯಾವುದೂ ಮೂರಕ್ಕಿಂತ ಹೆಚ್ಚು ಬರುವುದಿಲ್ಲ. ನಾಲ್ಕಾದರೆ ಮುಂದಿನ ಮನೆಗೆ ಹೋಗಿಬಿಡುತ್ತದೆ. ಕಾಗದದ ಮಡಿಕೆಯ ಗುರುತನ್ನೇ ಗೀಟು ಎಂದು ಓದುವ ಅಪಾಯ ಉಂಟು. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ, ಶಾಯಿ ಯಾವುದು ಮಡಿಕೆ ಯಾವುದು ಗೊತ್ತಾಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. 1957ರ ಏಪ್ರಿಲ್ 1. ಅವತ್ತಿನಿಂದ ರೂಪಾಯಿಗೆ ನೂರು ನಯಾ ಪೈಸೆ. ರೂಪಾಯಿ ಬದಲಾಗಲಿಲ್ಲ, ಎಂಟಾಣೆ 50 ಆಯಿತು, ನಾಲ್ಕಾಣೆ 25 ಆಯಿತು, ಹನ್ನೆರಡಾಣೆ 75. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಇದ್ದದ್ದು ಒಂದಾಣೆಯಲ್ಲಿ. ನೂರನ್ನು ಹದಿನಾರರಿಂದ ಭಾಗಿಸಿ, ಆರೂಕಾಲು ಬರುತ್ತದೆ. ಕಾಲು ನಯಾ ಪೈಸೆಯ ನಾಣ್ಯವೇ ಇಲ್ಲವಲ್ಲ! ಹಾಗಾಗಿ ಕಾನೂನು ಒಂದು ನಿಯಮ ಮಾಡಿತು. ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಬಿಡಿ, ಅರ್ಧಕ್ಕಿಂತ ಹೆಚ್ಚು ಉಳಿದರೆ ಒಂದು ಪೈಸೆ ಎಂದು ಹಿಡಿಯಿರಿ. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ಐದಕ್ಕೆ 31, ಆರಕ್ಕೆ 37, ಏಳಕ್ಕೆ 44. ಆಣೆಯ ಕೆಳಗೆ ನೋಡಿದರೆ ಕಾಲಾಣೆಗೆ 2, ಅರ್ಧಾಣೆಗೆ 3, ಮುಕ್ಕಾಲಾಣೆಗೆ 5.

ಕಾಲಾಣೆಗೆ 2, ಒಂದಾಣೆಗೆ 6. ಎಲ್ಲೋ ಎಡವಟ್ಟಿದೆ ಅನ್ನಿಸಿತೇ? ಇದೆ. ಒಂದು ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲಾಣೆಯ ಪೆಪ್ಪರಮಿಂಟು ಪೊಟ್ಟಣ ನಾಲ್ಕು ಬೇಕು. ಮಗು ನಾಲ್ಕು ಸಲ ಓಡಿಬಂದು ಒಂದೊಂದೇ ಕೊಂಡರೆ ಸಲಕ್ಕೆ 2 ನಯಾ ಪೈಸೆ, ಒಟ್ಟು 8 ಕೊಟ್ಟಿತು. ಅದೇ ಅಜ್ಜಿ ಬಂದು ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಒಂದಾಣೆ ಆಯಿತು, 6 ಕೊಟ್ಟರೆ ಸಾಕು. ಅದೇ ಪೊಟ್ಟಣ, ಅದೇ ಅಂಗಡಿ, ಅದೇ ಹೊತ್ತು. ಇಡೀ ರೂಪಾಯಿಯಷ್ಟು ಸರಕನ್ನು ಕಾಲಾಣೆಯಂತೆ ಬಿಡಿಬಿಡಿಯಾಗಿ ಮಾರಿದ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಬಿದ್ದದ್ದು 64ನ್ನು ಎರಡರಿಂದ ಗುಣಿಸಿ, 1 ರೂಪಾಯಿ 28 ನಯಾ ಪೈಸೆ! ಇನ್ನು ಒಂದಾಣೆಯ ಸರಕನ್ನು ಹಾಗೇ ಬಿಡಿಯಾಗಿ ಮಾರಿದವನಿಗೆ ಹದಿನಾರಾರಲೆ 96. ರೂಪಾಯಿಗೆ ನಾಲ್ಕು ಪೈಸೆ ಖೋತಾ. ಅರ್ಧಾಣೆಯವನಿಗೂ ಅಷ್ಟೇ, 32ನ್ನು ಮೂರರಿಂದ ಗುಣಿಸಿದರೆ 96. ಮುಕ್ಕಾಲಾಣೆಯವನಿಗೆ ಮತ್ತೆ ಲಾಭ. ಒಬ್ಬನಿಗೆ ಸಿಹಿ, ಪಕ್ಕದವನಿಗೆ ಕಹಿ. ಯಾರ ಮೋಸವೂ ಇದರಲ್ಲಿಲ್ಲ. ಭಾಗಾಕಾರದಲ್ಲಿ ಉಳಿದ ಶೇಷವನ್ನು ಯಾರ ಜೇಬಿಗೆ ಹಾಕಬೇಕು ಎಂಬ ಪ್ರಶ್ನೆ, ಅಷ್ಟೇ.

ಅದಕ್ಕೇ ಹೇಳುವುದು, ಆ ಕಾಲದ ಪುಸ್ತಕ ಓದುವಾಗ ಮೊದಲು ಆಣೆಯಲ್ಲೇ ಕೂಡಿ, ಒಟ್ಟು ಮೊತ್ತವನ್ನು ಒಂದೇ ಸಲ ಬದಲಾಯಿಸಿ. ಬಾಬ್ತು ಬಾಬ್ತಾಗಿ ಬದಲಾಯಿಸಿ ಕೂಡಿದರೆ ಲೆಕ್ಕ ತಾಳೆಯಾಗದು. ಆಮೇಲೆ ಅಜ್ಜನಿಗೆ ಕೂಡುವುದು ಬರುತ್ತಿರಲಿಲ್ಲ ಎಂದು ನೀವು ತೀರ್ಮಾನ ಮಾಡುತ್ತೀರಿ. ಬಹಳ ಜನ ಮಾಡಿದ್ದಾರೆ ಕೂಡ! ಅಜ್ಜನ ಲೆಕ್ಕ ಸರಿಯಾಗಿಯೇ ಇರುತ್ತದೆ, ಬದಲಾಯಿಸಿದ ಕ್ರಮ ತಪ್ಪಿರುತ್ತದೆ.

ಅಂಚೆ ಕಚೇರಿಯಲ್ಲೂ ಇದೇ ಪಾಡು. ಪೋಸ್ಟ್ ಕಾರ್ಡಿಗೆ ಮುಕ್ಕಾಲಾಣೆ, ಅಂದರೆ 9 ಪೈ ಇತ್ತು. 5 ನಯಾ ಪೈಸೆ ಆಯಿತು. ಮೊದಲು ರೂಪಾಯಿಗೆ 21 ಕಾರ್ಡು ಬಂದು ಇನ್ನೂ 3 ಪೈ ಉಳಿಯುತ್ತಿತ್ತು, ಆಮೇಲೆ ಸರಿಯಾಗಿ 20. ಲಕೋಟೆಗೆ ಎರಡಾಣೆ ಇದ್ದದ್ದು ಆ ನಿಯಮದ ಪ್ರಕಾರ 12 ಆಗಬೇಕಿತ್ತು. ಆದರೆ ಭಾರತದ ಭೂಪಟವಿರುವ 1957ರ ಅಂಚೆಚೀಟಿಗಳ ಸಾಲಿನಲ್ಲಿ 13 ನಯಾ ಪೈಸೆಯ ಚೀಟಿ ಇದೆ ನೋಡಿ, ಅದು ಈ ಎರಡಾಣೆಯ ಜಾಗಕ್ಕೆ ಬಂದದ್ದು. ಅರ್ಧ ಪೈಸೆಯನ್ನು ಬಿಡುವ ಮನಸ್ಸು ಅಂಚೆಯವರಿಗೆ ಇರಲಿಲ್ಲ ಎಂದಾಯಿತು.

ನಾಣ್ಯದ ವಿಷಯಕ್ಕೆ ಬನ್ನಿ. ಹಳೆಯ, ಹೊಸ ನಾಣ್ಯಗಳು ಕೆಲವು ವರ್ಷ ಜೊತೆಜೊತೆಯಾಗಿ ಓಡಿದವು. ಹಳೆಯ ಒಂದಾಣೆಯ ಅಂಚು ಹೂವಿನ ಎಸಳಿನಂತೆ ಅಲೆಅಲೆ. ಹೊಸ ಹತ್ತು ಪೈಸೆಯದೂ ಅಲೆಅಲೆಯೇ, ಬಣ್ಣವೂ ಅದೇ ಬಿಳಿ, ಅಗಲ ಮಾತ್ರ ಎರಡು ಮಿಲಿಮೀಟರು ಹೆಚ್ಚು. ಹಳೆಯ ಎರಡಾಣೆ ಚೌಕ, ಅರ್ಧಾಣೆ ಚೌಕ, ಹೊಸ ಐದು ಪೈಸೆಯೂ ಚೌಕ. ಬುಡ್ಡಿ ದೀಪದ ಬೆಳಕಿನಲ್ಲಿ ಸಂತೆಯ ಹೆಂಗಸು ಇವನ್ನು ಹೇಗೆ ಬೇರ್ಪಡಿಸಬೇಕು? ಹತ್ತು ಪೈಸೆ ಎಂದು ಒಂದಾಣೆ ತೆಗೆದುಕೊಂಡರೆ ನಾಲ್ಕು ಪೈಸೆ ಹೋಯಿತು. ಐದು ಪೈಸೆ ಎಂದು ಎರಡಾಣೆ ಕೊಟ್ಟರೆ ಏಳು ಹೋಯಿತು. ನಿಮ್ಮ ಕೈಗೆ ಅಂಥ ನಾಣ್ಯ ಸಿಕ್ಕರೆ ತಿರುಗಿಸಿ ನೋಡಿ. ರಾಜನ ತಲೆ ಅಥವಾ ಬಸವ ಇದ್ದರೆ ಆಣೆ. ರೂಪಾಯಿಯ ಇಷ್ಟನೇ ಭಾಗ ಎಂದು ಹಿಂದಿಯಲ್ಲಿ ಬರೆದಿದ್ದರೆ ಪೈಸೆ. ನಯಾ ಎಂಬ ಪದ 1964ರ ಜೂನ್ 1ರಿಂದ ಬಿದ್ದುಹೋಯಿತು, ಬರೀ ಪೈಸೆ ಉಳಿಯಿತು. ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರಿಂದ 1947ರವರೆಗೆ ಬಂದ ತೂತಿನ ಕಾಲಾಣೆಯ ಬಗ್ಗೆ ಹೇಳಲು ಬಹಳ ಇದೆ, ಆದರೆ ಗಡಿಯಾರ ನನ್ನನ್ನೇ ನೋಡುತ್ತಿದೆ.

ಬೇಗ ಬೇಗ ಹೇಳುತ್ತೇನೆ. ಸೇರು. ಪಟ್ಟಿಗಳು ಪೂರ್ತಿ ಕೆಡುವುದು ಇಲ್ಲೇ. ಉತ್ತರದವರ, ಸರ್ಕಾರದವರ ಸೇರು 80 ತೊಲ, ಹತ್ತಿರ ಹತ್ತಿರ 933 ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂದರೆ 280 ಗ್ರಾಂ. ಎರಡಕ್ಕೂ ಹೆಸರು ಸೇರು! ಮಣವೂ ಹಾಗೇ: ಎರಡು ಕಡೆಯೂ 40 ಸೇರೇ, ಆದರೆ ಅಲ್ಲಿ 37 ಕಿಲೋ ಚಿಲ್ಲರೆ, ಇಲ್ಲಿ 11 ಕಿಲೋ ಚಿಲ್ಲರೆ. ಬೆಲ್ಲ ಮಣಕ್ಕೆ ಇಷ್ಟು ಎಂದು ಬೆಳಗಾವಿಯ ಪುಸ್ತಕದಲ್ಲೂ ಮಂಡ್ಯದ ಪುಸ್ತಕದಲ್ಲೂ ಇದ್ದರೆ, ಎರಡನ್ನೂ ಅಕ್ಕಪಕ್ಕ ಇಟ್ಟು ಮಂಡ್ಯ ಅಗ್ಗ ಎನ್ನುವ ಮೊದಲು ಎರಡು ಕಡೆಯ ಮಣ ಎಷ್ಟು ಸೇರು, ಸೇರು ಎಷ್ಟು ತೊಲ ಎಂದು ನೋಡಿ. ಅದು ಸಾಲದೆಂಬಂತೆ ಧಾನ್ಯವನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಸೇರು, ಪಾವು, ಚಟಾಕು ಎಲ್ಲ ಪಾತ್ರೆಗಳು. ಅಳೆದ ಸೇರಿಗೂ ತೂಗಿದ ಸೇರಿಗೂ ಸಂಬಂಧವಿಲ್ಲ. ಪಾತ್ರೆಯ ಬಾಯಿಗೆ ಗೋಪುರ ಕಟ್ಟಿ ಅಳೆದರೋ, ಕೈಯಿಂದ ಸವರಿ ಅಳೆದರೋ, ಅದರಲ್ಲೇ ಒಂದು ಹಿಡಿ ವ್ಯತ್ಯಾಸ. ಕಿಲೋ ಬಂದದ್ದು 1958ರ ಅಕ್ಟೋಬರಿನಿಂದ, ಅದೂ ಹಂತ ಹಂತವಾಗಿ. ಆದ್ದರಿಂದ 1959ರ ಪುಸ್ತಕದಲ್ಲಿ ಪೈಸೆ ಹೊಸದು, ಸೇರು ಹಳೆಯದು ಎಂದಿದ್ದರೆ ಆಶ್ಚರ್ಯಪಡಬೇಡಿ.

ಕಲಬುರಗಿ, ರಾಯಚೂರು, ಬೀದರ್, ಕೊಪ್ಪಳದ ಕಡೆಯ ಕೇಳುಗರಿಗೆ ಇನ್ನೊಂದು ಎಚ್ಚರಿಕೆ. ನಿಮ್ಮ ಹಿರಿಯರ ಪುಸ್ತಕದಲ್ಲಿರುವುದು ರೂಪಾಯಿಯೇ ಇರಬಹುದು, ಆದರೆ ಅದು ನಿಜಾಮರ ಹಾಲಿ ರೂಪಾಯಿ. ಏಳು ಹಾಲಿಗೆ ಭಾರತ ಸರ್ಕಾರದ ಆರು ರೂಪಾಯಿ. ನೂರು ಹಾಲಿ ಎಂದರೆ 85 ರೂಪಾಯಿ 11 ಆಣೆ ಮೇಲೆ ಐದು ಪೈ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಕೂಡಲೇ ಹಾಲಿ ಹೋಗಲಿಲ್ಲ, ಮುಂದೆಯೂ ಕೆಲವು ವರ್ಷ ನಡೆಯಿತು. ಪುಟದ ಮೂಲೆಯಲ್ಲಿ ಹಾಲಿ ಅಥವಾ ಹಾ ಎಂದು ಚಿಕ್ಕದಾಗಿ ಬರೆದಿದೆಯೇ ನೋಡಿ.

ಮನರಂಜನೆಯ ಬಾಬ್ತಿನ ಬಗ್ಗೆ ಎರಡೇ ಮಾತು. ಸಿನಿಮಾ ಎಂದು ಬರೆದಲ್ಲಿ ನೆಲವೋ ಬೆಂಚೋ ಖುರ್ಚಿಯೋ ಎಂದು ಹುಡುಕಿ. ಒಂದೇ ಟೆಂಟಿನೊಳಗೆ ಮೂರು ದರ. ರೇಡಿಯೋ ಎಂದು 15-0-0 ಬರೆದಿದ್ದರೆ ಅದು ರೇಡಿಯೋದ ಬೆಲೆಯಲ್ಲ, ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಕಟ್ಟುತ್ತಿದ್ದ ಲೈಸೆನ್ಸು. ಅದು ಎಷ್ಟು ದೊಡ್ಡ ಮೊತ್ತ? ಆಗಿನ ಅಳತೆಯಲ್ಲೇ ಅಳೆಯಿರಿ: 9 ಪೈಯ ಪೋಸ್ಟ್ ಕಾರ್ಡು 320 ಬರುತ್ತಿತ್ತು. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಆಕಾಶವಾಣಿಯನ್ನೂ, 1955ರ ನವೆಂಬರಿನಿಂದ ಬೆಂಗಳೂರು ನಿಲಯವನ್ನೂ, 1957ರ ಅಕ್ಟೋಬರ್ 3ರಿಂದ ವಿವಿಧಭಾರತಿಯನ್ನೂ ಮನೆಯಲ್ಲಿ ಕೇಳಬೇಕಾದರೆ ಆ ಚೀಟಿ ಬೇಕೇ ಬೇಕಿತ್ತು.

ಕೊನೆಗೆ ಬಂಗಾರ. ಹಳೆಯ ದರ ತೊಲಕ್ಕೆ, ಇಂದಿನ ದರ ಹತ್ತು ಗ್ರಾಂಗೆ ಅಥವಾ ಒಂದು ಗ್ರಾಂಗೆ. ತೊಲ ಎಂದರೆ 11.66 ಗ್ರಾಂ. ಹಳೆಯ ದರವನ್ನು ಹತ್ತು ಗ್ರಾಂಗೆ ತರಬೇಕಾದರೆ 11.66ರಿಂದ ಭಾಗಿಸಿ ಹತ್ತರಿಂದ ಗುಣಿಸಿ, ಆಮೇಲೆ ನಿಟ್ಟುಸಿರು ಬಿಡಿ. ನಿಮ್ಮ ಪುಸ್ತಕದ ಪುಟವನ್ನು ನಕಲು ಮಾಡಿಕೊಳ್ಳುವಾಗ ಅಂಕಿಯ ಪಕ್ಕದಲ್ಲೇ ತಾರೀಖು, ಊರು, ಯಾವ ರೂಪಾಯಿ, ಯಾವ ಸೇರು, ಈ ನಾಲ್ಕನ್ನೂ ಬರೆದುಕೊಳ್ಳಿ. ಪೆನ್ಸಿಲಿನಲ್ಲಿ ಬರೆಯಿರಿ, ಮೂಲ ಪುಸ್ತಕದ ಮೇಲೆ ಮಾತ್ರ ದಯವಿಟ್ಟು ಏನೂ ಗೀಚಬೇಡಿ. ನಮಸ್ಕಾರ.